ಚೆಂಡು ಮುಟ್ಟದ ಎಕರೆಗಳು

(ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಕನ್ನಡಿಗರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. ಆಮೇಲೆ ಕಪ್ಪೆ, ಹಾವು, ಕೋರ್ಟು, ಪಂಪು ಎಲ್ಲ ಬರುತ್ತವೆ.

ಗಾಲ್ಫ್‌ನಲ್ಲಿ ಒಂದು ಹೋಲ್ ಅಂದರೆ ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಅದನ್ನು ಬೀಳಿಸುವ ಗುಳಿಯವರೆಗಿನ ಒಂದು ಪಟ್ಟಿ. ಅಮೆರಿಕದಲ್ಲಿ 18 ಹೋಲ್‌ಗಳ ಸಾಧಾರಣ ಗಾಲ್ಫ್ ಕೋರ್ಸ್ ಅಂದರೆ ಸುಮಾರು 150 ಎಕರೆ. ಅದರಲ್ಲಿ ಗ್ರೀನ್, ಅಂದರೆ ಬಾವುಟ ನೆಟ್ಟಿರುವ ನುಣುಪು ಹುಲ್ಲಿನ ಜಾಗ, ಎಲ್ಲ ಸೇರಿದರೂ 3 ಎಕರೆ. ಆಟ ಶುರು ಮಾಡುವ ಟೀ ಜಾಗಗಳು ಇನ್ನೊಂದು 3 ಎಕರೆ. ನಡುವಿನ ಫೇರ್‌ವೇ 28ರಿಂದ 30 ಎಕರೆ. ಒಟ್ಟು 35 ಎಕರೆ ಅಂತಿಟ್ಟುಕೊಳ್ಳಿ. ಚೆನ್ನಾಗಿ ಆಡುವವರ ಚೆಂಡು ಇದರಾಚೆ ಹೋಗುವುದು ಕಡಿಮೆ. ನನ್ನಂಥವರ ಚೆಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಅದು ಬೇರೆ ಮಾತು.

ಇನ್ನೊಂದು 50 ಎಕರೆ ರಫ್, ಅಂದರೆ ಅಕ್ಕಪಕ್ಕದ ಒರಟು ಹುಲ್ಲು. ಅದನ್ನು ಸ್ವಲ್ಪ ಉದ್ದ ಬಿಟ್ಟಿರುತ್ತಾರೆ. ಆದರೂ ಎಷ್ಟೋ ಕಡೆ ಅದಕ್ಕೂ ಸ್ಪ್ರಿಂಕ್ಲರ್ ಇದೆ, ಗೊಬ್ಬರ ಇದೆ, ವಾರವಾರ ಮೊವರ್ ಓಡುತ್ತದೆ. ಯಾಕೆ? ನೋಡಲು ಹಸಿರಾಗಿರಲಿ ಅಂತ. ಮಿಕ್ಕಿದ್ದು ಮರ, ನೀರು, ಕಟ್ಟಡ, ಪಾರ್ಕಿಂಗ್.

ಗಾಲ್ಫ್ ಕೋರ್ಸ್ ಬಗ್ಗೆ ಎಲ್ಲಿ ಜಗಳ ಎದ್ದರೂ ಎರಡೇ ಗುಂಪು. ಒಂದು, ಇರಲೇಬೇಕು ಅನ್ನುವವರು. ಇನ್ನೊಂದು, ಮುಚ್ಚಲೇಬೇಕು ಅನ್ನುವವರು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಅಂತ ನನಗೆ ಅನ್ನಿಸುತ್ತದೆ. ಹುಲ್ಲು ಹಾಸುವ ಮುಂಚೆ ಈ ನೆಲ ಏನಾಗಿತ್ತು? ನೀರು ಎಲ್ಲಿ ನಿಲ್ಲುತ್ತಿತ್ತು? ಒಣ ನೆಲವಾಗಿದ್ದರೆ ಹುಲ್ಲು ಕಡಿಮೆ ಮಾಡಿ ಆಟವನ್ನೂ ಉಳಿಸಿಕೊಳ್ಳಬಹುದು. ಜೌಗು ನೆಲಕ್ಕೆ ಮಣ್ಣು ತುಂಬಿ ಮಾಡಿದ ಕೋರ್ಸ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಪ್ರತಿ ಮಳೆಗಾಲದಲ್ಲೂ ನೀರು ತನ್ನ ಜಾಗ ಕೇಳಿಕೊಂಡು ಬರುತ್ತದೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಗಾಲ್ಫ್ ಅಂದರೆ ಶ್ರೀಮಂತರ ಆಟ, ನಮಗ್ಯಾಕೆ ಅದರ ಉಸಾಬರಿ ಅಂತ ಕೆಲವರಿಗೆ ಅನ್ನಿಸಬಹುದು. ಇಲ್ಲಿ ಹಾಗಲ್ಲ. ಅಮೆರಿಕದ ಕೋರ್ಸ್‌ಗಳಲ್ಲಿ ಮುಕ್ಕಾಲು ಪಾಲು, ಹಣ ಕೊಟ್ಟು ಯಾರು ಬೇಕಾದರೂ ಆಡುವಂಥವು. ಎಷ್ಟೋ ಕೋರ್ಸ್‌ಗಳ ಮಾಲೀಕ ನಗರಸಭೆ ಅಥವಾ ಕೌಂಟಿ. ಅಂದರೆ ಜಮೀನು ನಮ್ಮದು. ನಾವು ಆಡಿದರೂ ನಮ್ಮದೇ, ಆಡದಿದ್ದರೂ ನಮ್ಮದೇ.

ಈಗ ಹುಲ್ಲಿನ ವಿಷಯ. ಅಮೆರಿಕದ ದಕ್ಷಿಣ ಭಾಗದ ಕೋರ್ಸ್‌ಗಳಲ್ಲಿ ಬರ್ಮುಡಾ ಗ್ರಾಸ್ ಅಂತ ಹಾಕುತ್ತಾರೆ. ಅದು ಯಾವುದು ಗೊತ್ತಾ? ನಾವು ಗಣಪತಿಗೆ ಏರಿಸುವ ಗರಿಕೆ! ಅದೇ ಜಾತಿ, ಇಲ್ಲವೇ ಅದರ ಮಿಶ್ರತಳಿ. ಊರಲ್ಲಿ ಬದುವಿನ ಮೇಲೆ ಯಾರೂ ನೀರು ಹಾಕದೆ ಬದುಕುವ ಗರಿಕೆಗೆ ಇಲ್ಲಿ ರಾತ್ರಿಯೆಲ್ಲ ನೀರು, ತಿಂಗಳಿಗೊಮ್ಮೆ ಗೊಬ್ಬರ. ತಪ್ಪು ಹುಲ್ಲಿನದಲ್ಲ, ಕತ್ತರಿಸುವ ಎತ್ತರದ್ದು. ಗ್ರೀನ್ ಮೇಲಿನ ಹುಲ್ಲನ್ನು ಸುಮಾರು 3 ಮಿಲಿಮೀಟರ್‌ಗೆ ಕತ್ತರಿಸುತ್ತಾರೆ, ಅದೂ ಹೆಚ್ಚು ಕಡಿಮೆ ದಿನಾ. ದಿನಾ ಶೇವ್ ಮಾಡಿದ ಗಲ್ಲದ ಹಾಗೆ. ಎಲೆ ಇಷ್ಟೇ ಇಷ್ಟಿದ್ದರೆ ಊಟ ತಯಾರಿಸುವುದು ಹೇಗೆ? ಬೇರು ಆಳಕ್ಕೆ ಇಳಿಯುವುದಿಲ್ಲ. ಬೇರು ಮೇಲೇ ಉಳಿದರೆ ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ. ಸೋತ ಹುಲ್ಲಿಗೆ ಶಿಲೀಂಧ್ರ ಬೇಗ ಹತ್ತುತ್ತದೆ, ಅದಕ್ಕೆ ಔಷಧಿ. ಹೀಗೆ ಒಂದರ ಹಿಂದೆ ಒಂದು. ಇದು 3 ಎಕರೆಯಲ್ಲೇ ನಿಂತರೆ ಯಾರಿಗೂ ಅಂಥ ತೊಂದರೆಯಿಲ್ಲ. ಗ್ರೀನ್‌ಗೆ ಬೇಕಾದ ಆರೈಕೆಯ ಆಸೆ 100 ಎಕರೆಗೂ ಹಬ್ಬುತ್ತದಲ್ಲ, ತೊಂದರೆ ಬರುವುದು ಅಲ್ಲಿ.

ಆ ಆಸೆ ಎಲ್ಲಿಂದ ಬಂತು ಅಂದರೆ ಟಿವಿಯಿಂದ. ಪ್ರತಿ ಏಪ್ರಿಲ್‌ನಲ್ಲಿ ಜಾರ್ಜಿಯಾದ ಆಗಸ್ಟಾ ನ್ಯಾಷನಲ್‌ನಲ್ಲಿ ಮಾಸ್ಟರ್ಸ್ ಪಂದ್ಯ ನಡೆಯುತ್ತದೆ. ಒಂದು ಕಳೆ ಇಲ್ಲ, ಒಂದು ಕಂದು ಚುಕ್ಕೆ ಇಲ್ಲ. ಅದನ್ನು ನೋಡಿದವರು ಮಾರನೇ ದಿನ ಊರಿನ ಮುನಿಸಿಪಲ್ ಕೋರ್ಸ್‌ಗೆ ಬಂದು, ಇದು ಯಾಕೆ ಹೀಗಿದೆ ಅಂತ ಮೂಗು ಮುರಿಯುತ್ತಾರೆ. ಮೈದಾನ ನೋಡಿಕೊಳ್ಳುವವರ ದೊಡ್ಡ ತಲೆನೋವು ಇದು.

ಹುಲ್ಲು ಕಡಿಮೆ ಮಾಡಿಯೂ ದೊಡ್ಡ ಆಟ ಆಡಿಸಬಹುದು ಅನ್ನುವುದಕ್ಕೆ ಸಾಕ್ಷಿ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ನಂಬರ್ 2. ಅದು ರೆಸಾರ್ಟಿನ ಕೋರ್ಸ್, ದುಡ್ಡು ಕೊಟ್ಟವರಿಗೆ ಪ್ರವೇಶ. 2010-11ರಲ್ಲಿ ಕೋರ್ಸ್ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅಲ್ಲಿ ಸುಮಾರು 35 ಎಕರೆ ಹುಲ್ಲು ಕಿತ್ತುಹಾಕಿದರು. ಅಲ್ಲಿನದೇ ಮರಳು, ಪೈನ್ ಸೂಜಿ, ವೈರ್‌ಗ್ರಾಸ್ ಎಂಬ ಸ್ಥಳೀಯ ಹುಲ್ಲು ಮತ್ತೆ ಕಾಣಿಸಿಕೊಂಡವು. ಸುಮಾರು 1,150 ಇದ್ದ ಸ್ಪ್ರಿಂಕ್ಲರ್ ತಲೆಗಳು 450ಕ್ಕೆ ಇಳಿದವು. 2014ರಲ್ಲಿ ಗಂಡಸರ ಯುಎಸ್ ಓಪನ್, ಹೆಂಗಸರ ಯುಎಸ್ ಓಪನ್ ಎರಡೂ ಅಲ್ಲೇ, ಒಂದರ ಹಿಂದೆ ಒಂದು ವಾರ ನಡೆದವು. ಕಂದು ಬಣ್ಣ ನೋಡಿ ಗೊಣಗಿದವರೂ ಇದ್ದರು. ಆಟಕ್ಕೇನೂ ಕೊರತೆಯಾಗಲಿಲ್ಲ.

ಎಲ್ಲ ಕಡೆಯೂ ಇಷ್ಟು ಸಲೀಸಾಗಿ ಆಗುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಚೇಂಬರ್ಸ್ ಬೇ ಇದೆ. ಪಿಯರ್ಸ್ ಕೌಂಟಿಯ ಸ್ವಂತ ಕೋರ್ಸ್, 2007ರಲ್ಲಿ ಶುರುವಾಯಿತು. ಮೊದಲು ಅದು ಜಲ್ಲಿ, ಮರಳು ತೆಗೆಯುವ ಗಣಿ. ಕಾಡು ಕಡಿದು ಮಾಡಿದ್ದಲ್ಲ, ಹಾಳಾಗಿದ್ದ ನೆಲವನ್ನು ಬಳಕೆಗೆ ತಂದಿದ್ದು. ಅದು ನನಗೆ ಇಷ್ಟ. ಪಕ್ಕದಲ್ಲೇ ಕೌಂಟಿಯ ಕೊಳಚೆ ನೀರು ಶುದ್ಧೀಕರಣ ಘಟಕ. ಅಲ್ಲಿ ಸಿಗುವ ಗಸಿಯನ್ನು ಒಣಗಿಸಿ ಗೊಬ್ಬರದ ಗುಳಿಗೆ ಮಾಡುತ್ತಾರೆ. ಹುಲ್ಲೆಲ್ಲ ಫೆಸ್ಕ್ಯೂ, ಕಡಿಮೆ ನೀರು, ಕಡಿಮೆ ಗೊಬ್ಬರ ಸಾಕು. 2015ರಲ್ಲಿ ಯುಎಸ್ ಓಪನ್ ಅಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ಪೋವಾ ಎಂಬ ಇನ್ನೊಂದು ಹುಲ್ಲು ಗ್ರೀನ್‌ಗಳಿಗೆ ನುಗ್ಗಿತ್ತು. ಎರಡೂ ಬೇರೆ ಬೇರೆ ವೇಗದಲ್ಲಿ ಬೆಳೆದು ಚೆಂಡು ಕುಣಿಯುತ್ತಾ ಓಡಿತು. ಆಟಗಾರರು ಬೈದರು. ಕೆಲವು ವರ್ಷಗಳ ಮೇಲೆ ಗ್ರೀನ್‌ಗಳ ಫೆಸ್ಕ್ಯೂ ತೆಗೆದು ಪೋವಾವನ್ನೇ ಹಾಕಿದರು. ನನ್ನ ಪ್ರಕಾರ ಅದು ಸೋಲಲ್ಲ. 3 ಎಕರೆಯ ವಿಷಯದಲ್ಲಿ ರಾಜಿ ಮಾಡಿಕೊಂಡು ಮಿಕ್ಕಿದ್ದನ್ನು ಹಾಗೇ ಉಳಿಸಿಕೊಂಡರು.

ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಹಾರ್ಡಿಂಗ್ ಪಾರ್ಕ್‌ಗೆ 2012ರಿಂದ ಡೇಲಿ ಸಿಟಿಯ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ. ಕುಡಿಯುವ ನೀರು ಅಷ್ಟರಮಟ್ಟಿಗೆ ಉಳಿಯಿತು. ಈ ನೀರಲ್ಲಿ ಉಪ್ಪಿನ ಅಂಶ ಜಾಸ್ತಿ, ಮಣ್ಣಲ್ಲಿ ಸೇರುತ್ತಾ ಹೋಗುತ್ತದೆ, ಅದನ್ನು ತೊಳೆಯಲು ಆಗಾಗ ಇನ್ನಷ್ಟು ನೀರು ಬಿಡಬೇಕು. ಹಾಗಾಗಿ ಮರುಬಳಕೆಯ ನೀರು ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಸುರಿಯಬಹುದು ಅಂತಲ್ಲ.

ಪ್ರಮಾಣಪತ್ರಗಳ ಬಗ್ಗೆ ಒಂದೇ ಮಾತು. ಆಡುಬಾನ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ 1991ರಿಂದ ಗಾಲ್ಫ್ ಕೋರ್ಸ್‌ಗಳಿಗೆ ಒಂದು ಕಾರ್ಯಕ್ರಮ ನಡೆಸುತ್ತಿದೆ. ಹಕ್ಕಿಗಳಿಗಾಗಿ ಕೆಲಸ ಮಾಡುವ ನ್ಯಾಷನಲ್ ಆಡುಬಾನ್ ಸೊಸೈಟಿ ಇದಲ್ಲ, ಬೇರೆ. ಈ ಕಾರ್ಯಕ್ರಮದಿಂದ ಒಳ್ಳೆಯದೂ ಆಗಿದೆ. ಆದರೆ ಕ್ಲಬ್‌ಹೌಸ್ ಗೋಡೆಯ ಮೇಲೆ ಬೋರ್ಡ್ ಕಂಡರೆ ನಾನು ಮೊದಲು ಕೇಳುವುದು, ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಎಕರೆಗೆ ನೀರು ನಿಲ್ಲಿಸಿದ್ದೀರಿ ಅಂತ.

ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಸೇನಾ ನೆಲೆ ಪ್ರೆಸಿಡಿಯೋ ಕಡೆ ಹೋಗೋಣ. ಅಲ್ಲಿನ ಗಾಲ್ಫ್ ಕೋರ್ಸ್ 1895ರದ್ದು. ಸೇನೆಯ ಕೈಯಲ್ಲಿತ್ತು, 1995ರಲ್ಲಿ ಜನರಿಗೆ ತೆರೆಯಿತು. ಅದರ ಇಳಿಜಾರಿನ ಕೆಳಗೆ ಮೌಂಟನ್ ಲೇಕ್ ಎಂಬ ಹಳೆಯ ಕೆರೆ. ಮೇಲಿನಿಂದ ಗಾಲ್ಫ್ ಗೊಬ್ಬರ ಹರಿದು ಬಂತು. ಪಕ್ಕದ ಹೆದ್ದಾರಿಯಿಂದ, ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ, ಸೀಸ ಬಂದು ತಳದಲ್ಲಿ ಕೂತಿತು. ಜನ ಮನೆಯ ಗೋಲ್ಡ್‌ಫಿಶ್ ತಂದು ಬಿಟ್ಟರು, ಆಮೆ ಬಿಟ್ಟರು. 1996ರಲ್ಲಿ ಯಾರೋ ಒಂದು ಮರಿ ಮೊಸಳೆಯನ್ನೇ ಬಿಟ್ಟಿದ್ದರು! ಅದನ್ನು ಹಿಡಿಯುವುದಕ್ಕೆ ವಾರಗಟ್ಟಲೆ ಒದ್ದಾಡಿದರು. 2013ರಲ್ಲಿ ಕೆರೆಯ ಹೂಳು ತೆಗೆದರು, 2014ರಲ್ಲಿ ಹೊರಗಿನ ಮೀನುಗಳನ್ನು ಔಷಧಿ ಹಾಕಿ ತೆಗೆದರು. ಆಮೇಲೆ ಸ್ಥಳೀಯ ಕಪ್ಪೆ, ಸ್ಟಿಕಲ್‌ಬ್ಯಾಕ್ ಮೀನು, ವೆಸ್ಟರ್ನ್ ಪಾಂಡ್ ಟರ್ಟಲ್ ಎಂಬ ಆಮೆ ಒಂದೊಂದಾಗಿ ಬಿಟ್ಟರು. ಕೆರೆ ಸರಿಪಡಿಸುವುದು ಅಂದರೆ ಕೆರೆಯ ಮೇಲ್ಗಡೆ ಹುಲ್ಲಿಗೆ ಏನು ಹಾಕುತ್ತೇವೆ ಅನ್ನುವುದೂ ಸೇರಿಕೊಳ್ಳುತ್ತದೆ. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆಗೆ ನೀರು ಬರುವ ದಾರಿ ಕೆಟ್ಟರೆ ಕೆರೆಯೂ ಕೆಟ್ಟಿತು.

ಈಗ ನಿಜವಾದ ಜಗಳದ ಜಾಗ. ಶಾರ್ಪ್ ಪಾರ್ಕ್.

ಪಸಿಫಿಕಾ ಊರಿನ ಕಡಲ ಬದಿಯಲ್ಲಿದೆ. ಊರು ಇರುವುದು ಸ್ಯಾನ್ ಮಟೇಯೋ ಕೌಂಟಿಯಲ್ಲಿ, ಕೋರ್ಸ್‌ನ ಮಾಲೀಕ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋ ನಗರ. 1917ರಲ್ಲಿ ಶಾರ್ಪ್ ಮನೆತನದ ಜಮೀನು ಸಾರ್ವಜನಿಕ ಉದ್ಯಾನಕ್ಕೆ ಅಂತ ನಗರಕ್ಕೆ ಬಂತು. ಅಲಿಸ್ಟರ್ ಮೆಕೆಂಝಿ ಅಲ್ಲಿ ಕೋರ್ಸ್ ಬಿಡಿಸಿದರು, 1932ರಲ್ಲಿ ಆಟ ಶುರುವಾಯಿತು. ಈ ಮೆಕೆಂಝಿ ಮೂಲದಲ್ಲಿ ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಜೊತೆ ಹೋಗಿದ್ದಾಗ, ಬೋಯರ್‌ಗಳು ನೆಲದ ಏರುತಗ್ಗು ಬಳಸಿ ಅಡಗಿಕೊಳ್ಳುವುದನ್ನು ನೋಡಿ ಕಲಿತವರು. ಅದೇ ಕಣ್ಣಿನಿಂದ ಗಾಲ್ಫ್ ಬಿಡಿಸಿದರು. ಆಗ ಹೇಳಿದೆನಲ್ಲ, ಆಗಸ್ಟಾ, ಅದನ್ನು ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಮಾಡಿದ್ದೂ ಇವರೇ. ಅಲ್ಲಿ ಆಡಬೇಕೆಂದರೆ ಸದಸ್ಯರ ಆಹ್ವಾನ ಬೇಕು. ಶಾರ್ಪ್ ಪಾರ್ಕ್‌ನಲ್ಲಿ ಬಸ್ ಡ್ರೈವರ್ ಕೂಡ ಆಡಬಹುದು. ಹಾಗಾಗಿ ಅದನ್ನು ಪ್ರೀತಿಸುವವರ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಲ್ಲ.

ಆದರೆ ನೆಲ? ಅದು ಕಡಲ ದಂಡೆಯ ಮರಳ ದಿಬ್ಬಗಳ ಹಿಂದೆ ಉಪ್ಪು ಸಿಹಿ ಬೆರೆತ ಹಿನ್ನೀರು. ಲಗುನಾ ಸಲಾಡಾ ಅಂತ ಹೆಸರು. ಮಂಗಳೂರು, ಉಡುಪಿ ಕಡೆಯವರು ಅಳಿವೆಯ ಪಕ್ಕದ ಹಿನ್ನೀರು ನೆನಪಿಸಿಕೊಳ್ಳಿ. ಕೋರ್ಸ್ ಶುರುವಾದ ಕೆಲವೇ ವರ್ಷಗಳಲ್ಲಿ ಬಿರುಗಾಳಿಯ ಅಲೆಗಳು ಕಡಲ ಪಕ್ಕದ ಹೋಲ್‌ಗಳನ್ನು ಹಾಳು ಮಾಡಿದವು. 1940ರ ದಶಕದ ಆರಂಭದ ಹೊತ್ತಿಗೆ ತಡೆಗೋಡೆ ಹಾಕಿದರು, ಕೆಲವು ಹೋಲ್‌ಗಳನ್ನು ಹೆದ್ದಾರಿಯ ಆಚೆ ಕಣಿವೆಗೆ ಸಾಗಿಸಿದರು.

ಗೋಡೆ ಬಂದ ಮೇಲೆ ಕಡಲ ನೀರು ನಿಂತಿತು. ಮಳೆ ನೀರು ಹೊರಗೆ ಹೋಗುವುದೂ ನಿಂತಿತು. ಹಿನ್ನೀರು ನಿಧಾನವಾಗಿ ಸಿಹಿಯಾಯಿತು. ಸಿಹಿ ನೀರಿಗೆ ಕೆಂಪು ಕಾಲಿನ ಕಪ್ಪೆ ಬಂದು ನೆಲೆಸಿತು, ಕ್ಯಾಲಿಫೋರ್ನಿಯಾ ರೆಡ್-ಲೆಗ್ಡ್ ಫ್ರಾಗ್. 2014ರಿಂದ ಅದು ಈ ರಾಜ್ಯದ ಅಧಿಕೃತ ಉಭಯಚರ. ಅದಕ್ಕೂ ಮೊದಲೇ, 1996ರಲ್ಲಿ, ಅದು ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತ್ತು. ಕಪ್ಪೆ ಇದ್ದ ಕಡೆ ಅದನ್ನು ತಿನ್ನುವ ಹಾವು. ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಹಾವು, ಮೈಮೇಲೆ ನೀಲಿ ಹಸಿರು, ಕೆಂಪು, ಕಪ್ಪು ಪಟ್ಟೆ. ಇಷ್ಟು ಚೆಂದದ ಹಾವನ್ನು ನಾನು ಇನ್ನೊಂದು ನೋಡಿಲ್ಲ. 1967ರಿಂದಲೂ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಈ ಭೂಮಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಶ್ಚಿಮದ ಒಂದಿಷ್ಟು ಜಾಗ ಬಿಟ್ಟರೆ ಬೇರೆಲ್ಲೂ ಅದು ಇಲ್ಲ.

ಈಗ ಜಗಳ ನೋಡಿ. ಕಪ್ಪೆ ಚಳಿಗಾಲದ ಮಳೆಯಲ್ಲಿ ಮೊಟ್ಟೆ ಇಡುತ್ತದೆ. ನೀರಿನ ಮೇಲ್ಮೈಗೆ ಹತ್ತಿರ, ಜೊಂಡಿಗೆ ಅಂಟಿಕೊಂಡ ಹಾಗೆ, ಒಂದೊಂದು ಮುದ್ದೆಯಲ್ಲಿ ನೂರಾರು, ಸಾವಿರಾರು ಮೊಟ್ಟೆ. ಮರಿಯಾಗಲು ಒಂದೆರಡು ವಾರ ಬೇಕು. ಅದೇ ಮಳೆಗೆ ಫೇರ್‌ವೇ ಮೇಲೂ ನೀರು ನಿಲ್ಲುತ್ತದೆ. ಗಾಲ್ಫ್ ನಿಲ್ಲಬಾರದು ಅಂತ ಪಂಪ್ ಹಾಕಿ ನೀರನ್ನು ಕಡಲಿಗೆ ಬಿಡುತ್ತಾರೆ. ನೀರಿನ ಮಟ್ಟ ಇಳಿಯುತ್ತದೆ. ಜೊಂಡಿಗೆ ಅಂಟಿದ ಮೊಟ್ಟೆಗಳು ಗಾಳಿಗೆ ತೆರೆದುಕೊಂಡು ಒಣಗುತ್ತವೆ.

2011ರಲ್ಲಿ ವೈಲ್ಡ್ ಈಕ್ವಿಟಿ ಇನ್‌ಸ್ಟಿಟ್ಯೂಟ್ ಮತ್ತಿತರ ಸಂಘಟನೆಗಳು ಕೋರ್ಟಿಗೆ ಹೋದವು. ಅದೇ ವರ್ಷ ನಗರಸಭೆ, ಅಂದರೆ ಬೋರ್ಡ್ ಆಫ್ ಸೂಪರ್‌ವೈಸರ್ಸ್, ಜಾಗವನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಕೊಡುವ ದಾರಿ ತೆರೆಯುವ ಮಸೂದೆಗೆ ಕಡಿಮೆ ಅಂತರದಲ್ಲಿ ಒಪ್ಪಿಗೆ ಕೊಟ್ಟಿತು. ಮೇಯರ್ ಎಡ್ ಲೀ ಡಿಸೆಂಬರ್‌ನಲ್ಲಿ ವೀಟೋ ಮಾಡಿದರು. 2012ರಲ್ಲಿ ಕೇಂದ್ರದ ವನ್ಯಜೀವಿ ಇಲಾಖೆ ಷರತ್ತುಗಳ ಮೇಲೆ ಕೋರ್ಸ್ ನಡೆಸಲು ದಾರಿ ಮಾಡಿಕೊಟ್ಟಿತು. ಆಮೇಲೆ ಕೆಳ ಕೋರ್ಟು ಮೊಕದ್ದಮೆಯನ್ನು ವಜಾ ಮಾಡಿತು.

ಗಾಲ್ಫ್ ಪರ ಇರುವವರ ವಾದ ಸುಲಭಕ್ಕೆ ಸೋಲುವಂಥದ್ದಲ್ಲ. ಮೊದಲು ಅಲ್ಲಿ ಉಪ್ಪು ನೀರಿತ್ತು, ಕಪ್ಪೆ ಹೇಗೆ ಇರುತ್ತಿತ್ತು, ನಮ್ಮ ಗೋಡೆಯಿಂದ ತಾನೇ ಸಿಹಿ ನೀರಾಗಿದ್ದು ಅನ್ನುತ್ತಾರೆ. ಮಾತು ಒಂದು ಮಟ್ಟಕ್ಕೆ ನಿಜ. ಹಳೇ ಸ್ಥಿತಿಗೆ ತರುತ್ತೇವೆ ಅಂತ ನಾಳೆ ಗೋಡೆ ಒಡೆದರೆ ಉಪ್ಪು ನೀರು ನುಗ್ಗಿ ಕಪ್ಪೆ ಸಾಯುತ್ತದೆ, ಹಾವು ಉಪವಾಸ ಬೀಳುತ್ತದೆ. ಪರಿಸರ ಮರಳಿ ಕಟ್ಟುವುದು ಅಂದರೆ ಹಳೆಯ ನಕ್ಷೆ ತೆಗೆದು ಹಾಗೇ ಮಾಡುವುದು ಅಂದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನೊಂದು ಕಡೆ ಕಡಲು ಏರುತ್ತಿದೆ. ಗೋಡೆ ಎಷ್ಟು ವರ್ಷ ನಿಂತೀತು? ಇವತ್ತಲ್ಲ ನಾಳೆ ಕಡಲು ಹಿನ್ನೀರಿಗೆ ಬರುತ್ತದೆ. ಅಷ್ಟರೊಳಗೆ ಕಪ್ಪೆಗೆ ಒಳನಾಡಿನ ಕಡೆ ಸಿಹಿ ನೀರಿನ ಕೊಳ ಮಾಡಿಕೊಡಬೇಕು. ಪಕ್ಕದ ಮೋರಿ ಪಾಯಿಂಟ್‌ನಲ್ಲಿ ರಾಷ್ಟ್ರೀಯ ಉದ್ಯಾನದವರು ಇದನ್ನೇ ಮಾಡಿದ್ದಾರೆ. ಸಣ್ಣ ಸಣ್ಣ ಕೊಳ ತೋಡಿದರು, ಕಪ್ಪೆ ಬಂದು ಮೊಟ್ಟೆ ಇಟ್ಟಿತು. ನನಗೆ ತೋಚುವ ಹಂಚಿಕೆ ಹೀಗೆ. ಹಿನ್ನೀರಿನ ಅಂಚಿನ ಹೋಲ್‌ಗಳನ್ನು ಬಿಟ್ಟುಕೊಡಬೇಕು, ಆ ಜಾಗದಲ್ಲಿ ಕೊಳ ಮತ್ತು ಹಾವು ಓಡಾಡಲು ಎತ್ತರದ ಹುಲ್ಲು. ಹೆದ್ದಾರಿಯ ಆಚೆ ಮತ್ತು ಎತ್ತರದ ಜಾಗದಲ್ಲಿ ಹತ್ತೋ ಹನ್ನೆರಡೋ ಹೋಲ್‌ ಉಳಿಯಲಿ. ಗಾಲ್ಫ್‌ಗೆ 18 ಆಗಲೇಬೇಕು ಅಂತ ಯಾವ ದೇವರೂ ಹೇಳಿಲ್ಲ. ಆ ಸಂಖ್ಯೆ ಸೇಂಟ್ ಆಂಡ್ರ್ಯೂಸ್‌ನಿಂದ ಬಂದ ರೂಢಿ, ಅಷ್ಟೇ. ಇದಕ್ಕೆ ಎರಡೂ ಗುಂಪಿನವರು ನನ್ನನ್ನು ಬೈಯುತ್ತಾರೆ. ಬೈಯಲಿ.

ಪೂರ್ತಿ ಬಿಟ್ಟುಕೊಟ್ಟ ಕಡೆ ಏನಾಯಿತು ಅಂತ ನೋಡಬೇಕಾದರೆ ಸಾಂಟಾ ಬಾರ್ಬರಾ ಪಕ್ಕದ ಗಲೀಟಾಗೆ ಹೋಗಬೇಕು. ಅಲ್ಲಿ ಓಷನ್ ಮೆಡೋಸ್ ಅಂತ 9 ಹೋಲ್‌ಗಳ ಕೋರ್ಸ್ ಇತ್ತು. ಖಾಸಗಿಯವರದು, ಆದರೆ ಎಲ್ಲರಿಗೂ ತೆರೆದಿತ್ತು. 1960ರ ದಶಕದಲ್ಲಿ ಡೆವರೊ ಸ್ಲೂ ಎಂಬ ಹಿನ್ನೀರಿನ ಮೇಲ್ಭಾಗಕ್ಕೆ ಪಕ್ಕದ ದಿಣ್ಣೆಯ ಮಣ್ಣು ಅಗೆದು ತುಂಬಿ ಮಾಡಿದ್ದು. ಜೋರು ಮಳೆ ಬಂದರೆ ಕೋರ್ಸ್‌ನಲ್ಲಿ ನೀರು. 2013ರಲ್ಲಿ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಸಂಸ್ಥೆ ಸುಮಾರು 64 ಎಕರೆಯನ್ನು 70 ಲಕ್ಷ ಡಾಲರ್‌ಗೆ ಕೊಂಡು ಯುಸಿ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. ವಿಶ್ವವಿದ್ಯಾಲಯದ ಚೀಡಲ್ ಸೆಂಟರ್ ಕೆಲಸ ವಹಿಸಿಕೊಂಡಿತು.

2017ರಲ್ಲಿ ಜೆಸಿಬಿಗಳು ಬಂದವು. ಸುಮಾರು 3,50,000 ಘನ ಗಜ ಮಣ್ಣು ತೆಗೆದರು. ಆ ಮಣ್ಣನ್ನು ಎಲ್ಲಿಗೆ ಹಾಕಿದರು ಅನ್ನುವುದೇ ನನಗೆ ಬಹಳ ಹಿಡಿಸಿದ ವಿಷಯ. 60ರ ದಶಕದಲ್ಲಿ ಯಾವ ದಿಣ್ಣೆಯಿಂದ ತಂದಿದ್ದರೋ ಅಲ್ಲಿಗೇ ವಾಪಸ್ಸು. ಲಾರಿ ದೂರ ಹೋಗಬೇಕಾಗಲಿಲ್ಲ, ಖರ್ಚೂ ಉಳಿಯಿತು, ದಿಣ್ಣೆಗೂ ಮೊದಲಿನ ಆಕಾರ ಬಂತು. ಗಿಡಗಳಿಗೆ ಬೀಜ ಸುತ್ತಮುತ್ತಲಿನ ಜಾಗಗಳಿಂದಲೇ ಆಯ್ದರು. ವಿದ್ಯಾರ್ಥಿಗಳು, ಊರಿನವರು ಸೇರಿ ನೆಟ್ಟರು. ಈಗ ಅದು ಪಕ್ಕದ ಜಾಗವೂ ಸೇರಿ 136 ಎಕರೆಯ ನಾರ್ತ್ ಕ್ಯಾಂಪಸ್ ಓಪನ್ ಸ್ಪೇಸ್. ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿ ಕಡಲ ಮರಳಿನಿಂದ ಒಳಗೆ ಬಂದು ಇಲ್ಲಿ ಗೂಡು ಮಾಡಿದೆ. ಮಳೆ ನೀರು ಹರಡಿಕೊಳ್ಳಲು ಜಾಗ ಸಿಕ್ಕಿದ್ದರಿಂದ ಸುತ್ತಲಿನ ಮನೆಗಳಿಗೆ ನೆರೆಯ ಭಯವೂ ಕಡಿಮೆಯಾಯಿತು. ಈ ಕೊನೆಯ ಮಾತು ಮುಖ್ಯ. ಹಕ್ಕಿಗೋಸ್ಕರ ದುಡ್ಡು ಕೇಳಿದರೆ ಕೊಡದವರೂ ನೆರೆ ಅಂದರೆ ಕೊಡುತ್ತಾರೆ.

ಸುಮ್ನೆ ಗಾಲ್ಫ್ ನಿಲ್ಲಿಸಿ ಬಾಗಿಲು ಹಾಕಿಕೊಂಡು ಹೋದರೆ ಪ್ರಕೃತಿ ತಾನೇ ನೋಡಿಕೊಳ್ಳುತ್ತೆ ಅಲ್ವಾ ಅಂತ ಕೇಳುವವರಿದ್ದಾರೆ. ನೋಡಿಕೊಳ್ಳುವುದಿಲ್ಲ. ದಶಕಗಟ್ಟಲೆ ಗೊಬ್ಬರ ತಿಂದ ಮಣ್ಣಲ್ಲಿ ಮೊದಲು ಎದ್ದು ಬರುವುದು ಕಳೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡು ಸಾಸಿವೆ, ಪಂಪಾಸ್ ಹುಲ್ಲು. ಸ್ಥಳೀಯ ಗಿಡಗಳಿಗೆ ಬಡ ಮಣ್ಣೇ ಇಷ್ಟ. ಹಳೆಯ ಗ್ರೀನ್‌ಗಳ ಅಡಿಯ ಮಣ್ಣನ್ನು ಪರೀಕ್ಷೆಯೂ ಮಾಡಿಸಬೇಕು, ಯಾಕೆಂದರೆ ಒಂದು ಕಾಲದಲ್ಲಿ ಪಾದರಸ ಇರುವ ಶಿಲೀಂಧ್ರನಾಶಕ, ಆರ್ಸೆನಿಕ್ ಇರುವ ಕಳೆನಾಶಕ ಗಾಲ್ಫ್‌ನಲ್ಲಿ ಮಾಮೂಲು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಗರಸಭೆಯ ವಾಟರ್‌ಹಾಲ್ ಕೋರ್ಸ್ ಮುಚ್ಚಿ ಸುಣ್ಣಕಲ್ಲಿನ ಹುಲ್ಲುಗಾವಲು ಮರಳಿ ತರಲು ಹೊರಟಾಗ ಅವರು ಬಿಟ್ಟಿದ್ದು ದನಗಳನ್ನು. ಮೇಯುವ ದನ ಇಲ್ಲದಿದ್ದರೆ ಪೊದೆ ಬೆಳೆದು ಹುಲ್ಲುಗಾವಲೇ ಮುಚ್ಚಿಹೋಗುತ್ತದೆ.

ಇನ್ನು ಜನರ ವಿಷಯ. ಮರೀನ್ ಕೌಂಟಿಯ ಸ್ಯಾನ್ ಜೆರಾನಿಮೋ ಕೋರ್ಸ್ ನಿಮ್ಮಲ್ಲಿ ಕೆಲವರು ಆಡಿರಬಹುದು. 157 ಎಕರೆ, ನಡುವೆ ಹರಿಯುವ ತೊರೆಯಲ್ಲಿ ಕೋಹೋ ಸಾಲ್ಮನ್ ಮೊಟ್ಟೆ ಇಡಲು ಬರುತ್ತವೆ. 2018ರಲ್ಲಿ ಅದೇ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ 88.5 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಕೌಂಟಿ ಅವರಿಂದ ಕೊಳ್ಳುವುದಿತ್ತು. ಕಣಿವೆಯ ಗಾಲ್ಫ್ ಪ್ರಿಯರು ಕೋರ್ಟಿಗೆ ಹೋದರು, ಕೌಂಟಿಯ ಖರೀದಿ ನಿಂತಿತು. ಜನರ ಮತ ಕೇಳದೆ ಗಾಲ್ಫ್ ಬಿಟ್ಟು ಬೇರೆ ಬಳಕೆ ಮಾಡಬಾರದು ಅಂತ 2020ರ ಮಾರ್ಚ್‌ನಲ್ಲಿ ಮೆಷರ್ ಡಿ ಎಂಬ ಪ್ರಸ್ತಾವ ಮತಕ್ಕೆ ಬಂತು, ಸೋತಿತು. ಅದೇ ವರ್ಷ ತೊರೆಯಲ್ಲಿ ರಾಯ್ಸ್ ಪೂಲ್ಸ್ ಎಂಬಲ್ಲಿದ್ದ ಹಳೆಯ ತಡೆ ತೆಗೆದು ಮೀನಿಗೆ ದಾರಿ ಮಾಡಿದರು. ಮೀನಿನ ದೃಷ್ಟಿಯಿಂದ ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ನೆರೆಹೊರೆಯವರು ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದ ಹಾಗಾಯಿತು. ವ್ಯವಹಾರ ಮುಗಿಸಿ ಆಮೇಲೆ ಊರಿಗೆ ಹೇಳುವ ಬದಲು ಮೊದಲೇ ಊರವರನ್ನು ಕೂರಿಸಿ ಕೇಳಬೇಕಿತ್ತು.

ಹಂಚಿಕೊಳ್ಳುವುದು ಸಾಧ್ಯವೇ ಇಲ್ಲ ಅನ್ನುವವರು ಸ್ಕಾಟ್ಲೆಂಡ್ ನೋಡಬೇಕು. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್, ಗಾಲ್ಫ್‌ನ ತವರು, ಇವತ್ತಿಗೂ ಸಾರ್ವಜನಿಕ. 1974ರ ಕಾಯ್ದೆಯ ಪ್ರಕಾರ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟ ಇಲ್ಲ. ಊರಿನವರು ಮಕ್ಕಳು, ನಾಯಿ ಕರೆದುಕೊಂಡು ಫೇರ್‌ವೇ ಮೇಲೆ ತಿರುಗಾಡುತ್ತಾರೆ. ಅಲ್ಲೇ ಆಗುವುದಾದರೆ ನಮ್ಮ ಮುನಿಸಿಪಲ್ ಕೋರ್ಸ್‌ಗಳಲ್ಲಿ ಯಾಕಾಗಬಾರದು?

ನನ್ನ ಮಾತು ಇಷ್ಟು. ಈಗ ಬಂದ ಪ್ರಶ್ನೆಗಳು.

ಬೆಂಗಳೂರಲ್ಲಿ ಇಂಥದ್ದು ಆಗುತ್ತಾ ಅಂತ ಒಬ್ಬರು ಕೇಳಿದರು. ನಮ್ಮಲ್ಲಿ ಬಹುತೇಕ ಸದಸ್ಯರ ಕ್ಲಬ್‌ಗಳು. ದೇಶದ ಮೊದಲ ಸಾರ್ವಜನಿಕ ಕೋರ್ಸ್ ಅನ್ನುವುದು ದೆಹಲಿಯ ಕುತುಬ್ ಗಾಲ್ಫ್ ಕೋರ್ಸ್, ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) 2000ದಲ್ಲಿ ಮಾಡಿದ್ದು. ಬೆಂಗಳೂರಿನಲ್ಲಿ ಚಲ್ಲಘಟ್ಟ ಕೆರೆ ಇದ್ದ ಜಾಗ ಇವತ್ತು ಗಾಲ್ಫ್ ಕೋರ್ಸ್. ಕೆರೆಯಂಗಳ ಮತ್ತೆ ಕೆರೆ ಆಗುತ್ತದೆ ಅಂತ ನಾನು ಆಸೆ ಹುಟ್ಟಿಸಲು ಹೋಗುವುದಿಲ್ಲ. ಆದರೆ ತಮಾಷೆ ನೋಡಿ. ಅದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. 2024ರ ಬೇಸಿಗೆಯಲ್ಲಿ ತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಹುಲ್ಲಿಗೆ ಯಾವ ನೀರು, ಎಷ್ಟು ಎಕರೆಗೆ, ಅನ್ನುವ ಲೆಕ್ಕವನ್ನು ಪ್ರತಿ ವರ್ಷ ಬಹಿರಂಗ ಮಾಡಿ ಅಂತ ಕೇಳುವುದಕ್ಕೆ ಸದಸ್ಯರಾಗಬೇಕಾಗಿಲ್ಲ. ಸರ್ಕಾರಿ ಗುತ್ತಿಗೆಯ ಜಮೀನಿನ ಬಗ್ಗೆ ಯಾರು ಬೇಕಾದರೂ ಕೇಳಬಹುದು.

ಜೌಗು ಮಾಡಿದರೆ ಸೊಳ್ಳೆ ಬರಲ್ವಾ ಅಂತ ಇನ್ನೊಬ್ಬರು ಕೇಳಿದರು. ನಿಂತ ನೀರು, ಮೀನಿಲ್ಲದ ನೀರು ಇದ್ದರೆ ಬರುತ್ತದೆ. ಅಂಥ ನೀರು ಗಾಲ್ಫ್ ಕೊಳದಲ್ಲೂ ಇರಬಹುದು, ಮನೆ ಹಿಂದಿನ ಬಕೆಟ್‌ನಲ್ಲೂ ಇರಬಹುದು. ಸರಿಯಾಗಿ ಮಾಡಿದ ಜೌಗಿನಲ್ಲಿ ಮೀನು, ಡ್ರ್ಯಾಗನ್‌ಫ್ಲೈ, ಹಕ್ಕಿ ಇರುತ್ತವೆ, ಸೊಳ್ಳೆ ಮರಿ ಅವಕ್ಕೆ ಊಟ.

ಕೊನೆಯದಾಗಿ ಒಬ್ಬ ಹುಡುಗಿ ಕೇಳಿದ್ದು, ಕೋರ್ಸ್ ಮುಚ್ಚಿದರೆ ಹುಲ್ಲು ಕತ್ತರಿಸುವವರ ಗತಿ ಏನು ಅಂತ. ಇದನ್ನು ನಾನೇ ಹೇಳಬೇಕಿತ್ತು. ನೆಲದ ಅಡಿಯ ಪೈಪ್ ಎಲ್ಲಿದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಡೆ ಹಾವು ಕಾಣಿಸುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರ್‌ಗೂ ಗೊತ್ತಿರುವುದಿಲ್ಲ. ಹುಲ್ಲು ಕಿತ್ತು ಸ್ಥಳೀಯ ಗಿಡ ನೆಟ್ಟ ಮೊದಲ ಎರಡು ಮೂರು ವರ್ಷ ಎಳೆ ಗಿಡಕ್ಕೆ ನೀರು ಹಾಕಬೇಕು, ಕಳೆ ಕೀಳಬೇಕು. ಅದು ಕೈಯಲ್ಲೇ ಮಾಡುವ ಕೆಲಸ, ಮೊವರ್ ಓಡಿಸಿದ ಹಾಗಲ್ಲ, ಜನ ಜಾಸ್ತಿ ಬೇಕು. ಹಾಗಾಗಿ ಯೋಜನೆಯ ಬಜೆಟ್ ಹಾಳೆ ನಿಮ್ಮ ಕೈಗೆ ಬಂದರೆ ಮೊದಲು ಆ ಸಾಲು ಹುಡುಕಿ, ಹಳೆಯ ಕೆಲಸಗಾರರ ಸಂಬಳ ಎಷ್ಟು ವರ್ಷಕ್ಕೆ ಇಟ್ಟಿದ್ದಾರೆ ಅಂತ ನೋಡಿ.